ಐವತ್ತೆಂಟನೆಯ ದೃಶ್ಯ

ಕೋವಿಡ್ಡಿನ ಬೀಗಗಳು ತೆರೆದ ಮರುವರ್ಷ ನಾನು ನೈರೋಬಿಯ ಒಂದು ಟೆಲಿವಿಷನ್ ವಾಹಿನಿಯಲ್ಲಿ ಹಿರಿಯ ಎಡಿಟರ್ ಹುದ್ದೆಯಿಂದ ನಿವೃತ್ತಳಾದೆ. ಮೂವತ್ತೊಂದು ವರ್ಷ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಬೇರೆಯವರು ತೆಗೆದ ಚಿತ್ರಗಳನ್ನು ಕತ್ತರಿಸಿದ್ದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಅಜ್ಜಿ, "ಅಲ್ಲಿ ದಿನವಿಡೀ ಏನೇ ಮಾಡ್ತೀಯ?" ಎಂದು ಕೇಳಿದ್ದಳು. ಹತ್ತು ಗಂಟೆ ತೆಗೆದದ್ದನ್ನು ಹತ್ತು ನಿಮಿಷಕ್ಕೆ ಇಳಿಸುತ್ತೇನೆ ಎಂದೆ. "ಹಂಗಾದ್ರೆ ಹುಣಸೇಹಣ್ಣು ಕಿವುಚೋ ಕೆಲಸ ಅನ್ನು. ನಾರು, ಬೀಜ ಎಸೆಯೋಳು ನೀನು" ಎಂದಳು. ನನ್ನ ವೃತ್ತಿಯನ್ನು ಇಷ್ಟು ಸರಿಯಾಗಿ ಹೇಳಿದವರನ್ನು ನಾನು ಆಮೇಲೆ ಕಾಣಲಿಲ್ಲ.

ನಾನು ಹುಟ್ಟಿದ್ದು ಇಲ್ಲೇ, ನ್ಗಾರಾದಲ್ಲಿ. ಅಪ್ಪ ಮೈಸೂರಿನಿಂದ ಶಾಲಾಮಾಸ್ತರರಾಗಿ ಬಂದವರು. ನನ್ನ ಕನ್ನಡ ಅಜ್ಜಿಯ ಒಲೆಯ ಮುಂದೆ ಕಲಿತದ್ದು. ಅಕ್ಷರ ತಿದ್ದಿಸಿದವರು ಅಪ್ಪನ ಗೆಳೆಯರಾದ ವಾಸುದೇವ ಮಾವ. ಇಲ್ಲಿನ ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಅವರು ಈಗ ಕಿಲೆಲೆಶ್ವಾದ ಫ್ಲಾಟಿನಲ್ಲಿ ಇದ್ದಾರೆ. ನಾನು ಹೇಳಲಿರುವ ಸಂಗತಿ ನಡೆದಾಗ ಅವರಿಗೆ ಎಂಬತ್ತನಾಲ್ಕು. ಅವರ ವಯಸ್ಸನ್ನು ಸುಮ್ಮನೆ ಹೇಳುತ್ತಿಲ್ಲ, ಮುಂದೆ ಬರುತ್ತದೆ.

ನಿವೃತ್ತಿಯಾದ ತಿಂಗಳೇ ನ್ಜೇರಿ ಎಂಬ ಹುಡುಗಿ ನನ್ನನ್ನು ಹುಡುಕಿಕೊಂಡು ಸೌತ್ ಸಿಯ ನಮ್ಮ ಮನೆಗೆ ಬಂದಳು. ಹುಡುಗಿ ಎಂದರೆ ಮೂವತ್ತಾರು ವರ್ಷದವಳು. ನನ್ನ ಕಣ್ಣಿಗೆ ಹುಡುಗಿಯೇ. ವಾಹಿನಿಯಲ್ಲಿ ಎರಡು ವರ್ಷ ನನ್ನ ಕೈಕೆಳಗೆ ಕಲಿತು, ಅಲ್ಲಿನ ಜಾಹೀರಾತು ಕೆಲಸ ಬೇಸರವಾಗಿ ಬಿಟ್ಟಿದ್ದಳು. ನ್ಗಾರಾದಲ್ಲಿ ಬಟ್ಟೆಯ ಸಗಟು ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಒಂದು ಚಿತ್ರಬಳಗ ಕಟ್ಟಿದ್ದಳು. ಪ್ರತಿ ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಬಿಳಿ ಗೋಡೆಯ ಮೇಲೆ ಯಾರಾದರೂ ತೆಗೆದ ಕಿರುಚಿತ್ರ; ಆಮೇಲೆ ಚಹಾ, ಮಾತು, ಜಗಳ. ಬರುವವರಲ್ಲಿ ದರ್ಜಿಗಳು, ನರ್ಸುಗಳು, ಕಾಲೇಜು ಹುಡುಗರು, ಮಟಾಟು ಎಂಬ ಬಾಡಿಗೆ ಮಿನಿಬಸ್ಸು ಓಡಿಸುವವರು, ನಮ್ಮ ಕನ್ನಡ ಸಂಘದ ನಾಲ್ಕಾರು ಮಂದಿ. ಚಹಾ ಮತ್ತು ಮಂಡಾಜಿ ಎಂಬ ಕರಿದ ಸಿಹಿ ತಿಂಡಿ ಮಾಮಾ ಅಟಿಯೆನೊ ಎಂಬ ಹೆಂಗಸಿನದು. ಕೆಳಗಿನ ಬೀದಿಯಲ್ಲಿ ಅವರ ಡಬ್ಬಾ ಅಂಗಡಿ.

"ಮಾಮಾ ಕೀರ್ತಿ, ನೀವು ಬರಬೇಕು" ಎಂದಳು ನ್ಜೇರಿ. ಮಾಮಾ ಎಂದರೆ ತಾಯಿ; ಇಲ್ಲಿ ಹೆಂಗಸನ್ನು ಮಗುವಿನ ಹೆಸರು ಹಿಡಿದು ಕರೆಯುವುದು ಮರ್ಯಾದೆ. ಕೀರ್ತಿ ನನ್ನ ಮಗಳು. "ನಮ್ಮಲ್ಲಿ ಕ್ಯಾಮೆರಾ ಹಿಡಿಯುವವರು ಹನ್ನೊಂದು ಜನ ಇದ್ದಾರೆ. ಎಸೆಯುವುದು ಗೊತ್ತಿರುವವರು ಒಬ್ಬರೂ ಇಲ್ಲ."

ಹೋದೆ. ಮೊದಲ ಶನಿವಾರವೇ ಸೋತುಹೋದೆ ಎನ್ನಬೇಕು. ಮೂವತ್ತೊಂದು ವರ್ಷ ನಾನು ಕತ್ತರಿಸಿದ್ದನ್ನು ಯಾರು ನೋಡಿದರು, ನೋಡಿ ನಕ್ಕರೇ ಅತ್ತರೇ ಎಂಬುದು ನನಗೆ ಗೊತ್ತಾಗಿರಲಿಲ್ಲ. ಇಲ್ಲಿ ನಲವತ್ತು ಜನ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತು, ಗೋಡೆ ನೋಡಿ, ಗಟ್ಟಿಯಾಗಿ ನಗುತ್ತಿದ್ದರು. ಈ ಕೋಣೆ ಉಳಿಯಬೇಕು ಎಂದು ಅವತ್ತು ನನಗೆ ಅನ್ನಿಸಿತು. ನನ್ನ ಇಡೀ ಸರ್ವಿಸಿನಲ್ಲಿ ಇಷ್ಟು ಆಸೆಪಟ್ಟು ಬೇಡಿಕೊಂಡದ್ದು ಬೇರೆ ಯಾವುದೂ ಇಲ್ಲ.

ಕಿರುಚಿತ್ರ ಸಾಕು, ಪೂರ್ಣಚಿತ್ರ ಮಾಡೋಣ ಎಂದು ನ್ಜೇರಿ ಹೇಳಿದ್ದು ಆ ವರ್ಷದ ಮೇ ತಿಂಗಳಲ್ಲಿ. ನಿರ್ಮಾಪಕರಿಲ್ಲ. ಹಾಗಾಗಿ ಹರಾಂಬೆ ಎಂದಳು. ಹರಾಂಬೆ ಎಂದರೆ ಎಲ್ಲರೂ ಕೂಡಿ ಎಳೆಯುವುದು. ಮದುವೆ, ಆಸ್ಪತ್ರೆ, ಮಗುವಿನ ಓದು, ಏನೇ ಇದ್ದರೂ ಈ ದೇಶದಲ್ಲಿ ಜನ ಕೂಡಿ ಎತ್ತುತ್ತಾರೆ. ನಮ್ಮ ಹರಾಂಬೆಯಲ್ಲಿ ಹಣ ಬೇಡ, ಕೈಲಿದ್ದದ್ದು ಕೊಡಿ ಎಂದೆವು. ಒಬ್ಬರು ಒಂದು ದಿನದ ಮಟಾಟು ಕೊಟ್ಟರು. ಒಬ್ಬ ನರ್ಸು ತನ್ನ ಮನೆಯ ಅಂಗಳ ಕೊಟ್ಟಳು. ವಾಸುದೇವ ಮಾವ ತಮ್ಮ ಹಳೆಯ ಬಿಳಿ ಕಾರು ಕೊಟ್ಟರು. ಮಾಮಾ ಅಟಿಯೆನೊ ಇಪ್ಪತ್ಮೂರು ದಿನಗಳ ಚಹಾ ಕೊಟ್ಟರು. ಒಟ್ಟು ಅರವತ್ತೊಂದು ಜನ. ಕೊಟ್ಟವರಿಗೆ ಏನು? "ಕೊಟ್ಟವರ ಮುಖ ಪರದೆಯ ಮೇಲೆ" ಎಂದು ನ್ಜೇರಿ ಮಾತು ಕೊಟ್ಟಳು.

ಅರವತ್ತೊಂದು ಮುಖ ಹಿಡಿಸುವ ಕಥೆ ಎಲ್ಲಿಂದ ತರುವುದು? ಅದನ್ನು ಕೊಟ್ಟವಳು ನಾನು. ಹೆಮ್ಮೆಯಿಂದ ಕೊಟ್ಟೆ. ಅಜ್ಜಿ ಹೇಳುತ್ತಿದ್ದ ಸರಪಳಿ ಕಥೆಗಳು ನೆನಪಿದ್ದವು: ಏನೋ ಕಳೆದುಕೊಂಡವರು ಒಬ್ಬರನ್ನು ಕೇಳುತ್ತಾರೆ, ಅವರು ಇನ್ನೊಬ್ಬರನ್ನು ತೋರಿಸುತ್ತಾರೆ, ಅವರು ಮತ್ತೊಬ್ಬರನ್ನು, ಮಗು ನಿದ್ದೆ ಹೋಗುವವರೆಗೂ ಕಥೆಯನ್ನು ಎಳೆಯಬಹುದು. ಹಾಗೆಯೇ ನಮ್ಮ ಚಿತ್ರ. ಒಬ್ಬ ದರ್ಜಿ ಹೆಂಗಸಿನ ಹೊಲಿಗೆ ಯಂತ್ರ ಕೆಡುತ್ತದೆ. ಸಂಜೆಗೆ ಒಂದು ಮದುವೆಯ ಬಟ್ಟೆ ಕೊಡಬೇಕು. ಯಂತ್ರವನ್ನು ಬೆನ್ನಿಗೆ ಕಟ್ಟಿಕೊಂಡು ರಿಪೇರಿಗೆ ಊರೆಲ್ಲ ತಿರುಗುತ್ತಾಳೆ. ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳುತ್ತಾಳೆ. ಕೇಳಿಸಿಕೊಳ್ಳುವವರು ನಮ್ಮ ಅರವತ್ತೊಂದು ಜನ. ಇಬ್ಬರು ಮೂವರು ಒಟ್ಟಿಗೆ ಬರುವ ಕಡೆಯೂ ಸೇರಿ ಐವತ್ತೆಂಟು ದೃಶ್ಯಗಳು.

"ವಿಜೀ, ಇದು ಕಥೆಯಲ್ಲ ಕಣೇ, ಬಸ್ಸು" ಎಂದರು ವಾಸುದೇವ ಮಾವ. "ಯಾರು ಬೇಕಾದ್ರೂ ಹತ್ಕೋಬಹುದು."

"ಒಳ್ಳೇದೇ ಆಯ್ತಲ್ಲ ಮಾವ?"

"ಹತ್ತಿಸ್ಕೊಳ್ಳೋದು ಸುಲಭ. ಇಳಿಸೋದು ಯಾರು?"

ನಾನು ನಕ್ಕುಬಿಟ್ಟೆ. ಅವರೂ ನಕ್ಕು, ತಮ್ಮ ದೃಶ್ಯಕ್ಕೆ ಯಾವ ಟೈ ಕಟ್ಟಲಿ ಎಂದು ಕೇಳಿದರು.

ದರ್ಜಿಯ ಪಾತ್ರಕ್ಕೆ ಫೇಯ್ತ್ ಎಂಬ ಶಾಲಾಶಿಕ್ಷಕಿ. ಯಂತ್ರವನ್ನು ಕೊಟ್ಟವರು ಫುಂಡಿ ಒಟಿಯೆನೊ. ಕೈಕಸುಬಿನವರನ್ನು ಇಲ್ಲಿ ಫುಂಡಿ ಎನ್ನುತ್ತಾರೆ. ನ್ಗಾರಾದ ಒಂದು ಓಣಿಯಲ್ಲಿ, ತಗಡಿನ ಮಾಡಿನ ಕೆಳಗೆ ಹೊಲಿಗೆ ಯಂತ್ರ ರಿಪೇರಿ ಮಾಡುವವರು; ಐವತ್ತು ದಾಟಿದವರು; ಮಾತು ಕಡಿಮೆ. ಕೊಟ್ಟದ್ದು ತಮ್ಮಲ್ಲಿದ್ದ ಅತಿ ಹಳೆಯ, ಅತಿ ಭಾರದ ಕರಿಯ ಯಂತ್ರ. ಚಿತ್ರದಲ್ಲಿ ಅವರದು ಕೊನೆಯ ದೃಶ್ಯ. ಊರೆಲ್ಲ ಸುತ್ತಿ ಸುಸ್ತಾದ ದರ್ಜಿ ಕೊನೆಗೆ ತನ್ನದೇ ಓಣಿಯ ರಿಪೇರಿಯವನ ಬಳಿ ಬರುತ್ತಾಳೆ. ಅವನು ಯಂತ್ರ ಬಿಚ್ಚಿ ನೋಡಿ, ಒಂದು ಸ್ಕ್ರೂ ತಿರುಗಿಸಿ, "ಬೆಳಿಗ್ಗೆ ಇದರಲ್ಲಿ ಒಂದೇ ಸ್ಕ್ರೂ ಸಡಿಲವಾಗಿತ್ತು ತಾಯಿ. ನೀನು ಹೊತ್ತು ತಿರುಗಿದ್ದಕ್ಕೆ ಈಗ ಎಲ್ಲವೂ ಸಡಿಲ" ಎನ್ನುತ್ತಾನೆ. ಬರೆದದ್ದು ಬೇರೆ ಮಾತು. ಇದು ಒಟಿಯೆನೊ ತಾವೇ ಸೇರಿಸಿದ್ದು. ಚಿತ್ರೀಕರಣದ ದಿನ ಶಬ್ದ ಹಿಡಿಯುವ ಹುಡುಗನೂ ನಕ್ಕು, ಆ ಶಾಟನ್ನು ಮತ್ತೆ ತೆಗೆಯಬೇಕಾಯಿತು.

ಜುಲೈಯಿಂದ ನವೆಂಬರ್‌ವರೆಗೆ, ವಾರದ ಕೊನೆಗಳಲ್ಲಿ, ಇಪ್ಪತ್ಮೂರು ದಿನ ಚಿತ್ರೀಕರಣ. ಅದು ನನ್ನ ಬದುಕಿನ ಒಳ್ಳೆಯ ಕಾಲ. ಜಕರಂಡಾ ಹೂ ಉದುರಿದ ರಸ್ತೆಯಲ್ಲಿ ಫೇಯ್ತ್ ಬೆನ್ನು ಬಾಗಿಸಿ ನಡೆಯುತ್ತಿದ್ದರೆ ದಾರಿಹೋಕರು ನಿಜವಾಗಿಯೂ ಬಂದು "ಪೋಲೆ, ಪೋಲೆ ಮಾಮಾ" ಎಂದು ಮರುಗಿ ಯಂತ್ರ ಹೊರಲು ಕೈ ಜೋಡಿಸುತ್ತಿದ್ದರು. ನನ್ನ ಮಗಳು ಕೀರ್ತಿ ಎರಡು ದಿನ ಮೈಕಿನ ಕೋಲು ಹಿಡಿದಳು. ಅದಕ್ಕಾಗಿ ಅವಳಿಗೂ ಗೆಳತಿಯರಿಗೂ ಬಸ್ ಸ್ಟಾಪಿನ ಒಂದು ದೃಶ್ಯ.

ಜನವರಿಯಲ್ಲಿ ನಾನು ಅಸೆಂಬ್ಲಿ ಮುಗಿಸಿದೆ. ತೆಗೆದ ದೃಶ್ಯಗಳನ್ನೆಲ್ಲ ಕಥೆಯ ಕ್ರಮದಲ್ಲಿ, ಕತ್ತರಿಸದೆ ಜೋಡಿಸಿದ ಮೊದಲ ಪ್ರತಿಗೆ ಅಸೆಂಬ್ಲಿ ಎನ್ನುತ್ತಾರೆ. ಅದನ್ನು ಇಳಿಸಿದರೆ ರಫ್ ಕಟ್; ಇನ್ನು ಒಂದು ಫ್ರೇಮೂ ಮುಟ್ಟುವುದಿಲ್ಲ ಎಂಬ ಹಂತ ಪಿಕ್ಚರ್ ಲಾಕ್. ಲಾಕ್ ಆದಮೇಲೆಯೇ ಬಣ್ಣ, ಶಬ್ದಮಿಶ್ರಣದ ಕೆಲಸ. ನಮ್ಮ ಅಸೆಂಬ್ಲಿಯ ಉದ್ದ ನಾಲ್ಕು ಗಂಟೆ ಹನ್ನೆರಡು ನಿಮಿಷ.

ಫೆಬ್ರವರಿಯ ಮೊದಲ ವಾರ ಹೊರದೇಶದ ಒಂದು ಚಿತ್ರೋತ್ಸವದಿಂದ ಪತ್ರ ಬಂತು. ನ್ಜೇರಿ ಕಳಿಸಿದ್ದ ಇಪ್ಪತ್ತು ನಿಮಿಷದ ತುಣುಕು ಅವರಿಗೆ ಹಿಡಿಸಿತ್ತು. ಪೂರ್ಣಚಿತ್ರ ಕಳಿಸಿ, ನೂರು ನಿಮಿಷ ಮೀರಬಾರದು, ಆರು ವಾರದೊಳಗೆ. ಅದೇ ವಾರ ಕೆಳಗಿನ ಬಟ್ಟೆ ಅಂಗಡಿಯವರು, ಗೋದಾಮಿಗೆ ಜಾಗ ಸಾಲದು, ಮೇಲಿನ ಕೋಣೆ ಬೇಕು ಎಂದಿದ್ದರು. ಒಂದು ಶಾಲೆಯವರು, ನಿಮ್ಮ ಚಿತ್ರ ಹೊರಗೆ ಆಯ್ಕೆಯಾದರೆ ನಮ್ಮ ಹಳೆಯ ಗ್ರಂಥಾಲಯದ ಕೋಣೆ ಬಳಗಕ್ಕೆ ಕೊಡಲು ಆಡಳಿತ ಮಂಡಳಿಯನ್ನು ಒಪ್ಪಿಸುತ್ತೇವೆ ಎಂದರು. ಹಾಗಾಗಿ ಲೆಕ್ಕ ಸರಳವಾಗಿತ್ತು. ಚಿತ್ರ ಆಯ್ಕೆಯಾದರೆ ಬಳಗ ಉಂಟು, ಇಲ್ಲದಿದ್ದರೆ ಇಲ್ಲ.

"ಕತ್ತರಿಸಿ ಮಾಮಾ" ಎಂದಳು ನ್ಜೇರಿ. "ನನಗೆ ನೋಡುವುದಕ್ಕಾಗುವುದಿಲ್ಲ. ಮಾತು ಕೊಟ್ಟವಳು ನಾನು. ನೀವು ಕತ್ತರಿಸಿ, ನಾನು ಬೈಸಿಕೊಳ್ಳುತ್ತೇನೆ."

ಅಜ್ಜಿಯದೊಂದು ಗಾದೆ: ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು. ವಾಹಿನಿಯಲ್ಲಿ ನನ್ನ ಮೇಜಿನ ಮೇಲೆ ಅದನ್ನು ಬರೆದು ಅಂಟಿಸಿಕೊಂಡಿದ್ದೆ. ಮಂತ್ರಿಗಳ ಭಾಷಣವನ್ನು ಕಣ್ಣು ಮಿಟುಕಿಸದೆ ಹನ್ನೆರಡು ಸೆಕೆಂಡಿಗೆ ಇಳಿಸಿದವಳು ನಾನು. ಈಗ ಟೈಮ್‌ಲೈನಿನ ಮುಂದೆ ಕೂತರೆ ಕೈ ಏಳಲಿಲ್ಲ. ಅಂಗಳ ಕೊಟ್ಟ ನರ್ಸನ್ನು ತೆಗೆಯಲೇ? ಮಟಾಟುವಿನವನನ್ನೇ? ಚಹಾ ಕೊಟ್ಟ ಮಾಮಾ ಅಟಿಯೆನೊ ಅವರನ್ನೇ? ಆ ಶನಿವಾರದ ಕೋಣೆ ಎಂದರೆ ಇವರೇ. ಇವರನ್ನು ತೆಗೆದು ಕೋಣೆ ಉಳಿಸಿಕೊಂಡರೆ ಉಳಿಯುವುದು ಕುರ್ಚಿಗಳಷ್ಟೇ.

ಕೊನೆಗೆ ನಾನು ನ್ಜೇರಿಗೆ ಹೇಳಿದೆ: "ಕೇಳದೆ ಒಬ್ಬರನ್ನೂ ತೆಗೆಯುವುದಿಲ್ಲ. ಮೊದಲು ನಾಲ್ಕು ಗಂಟೆಯ ಪ್ರತಿಯನ್ನೇ ಎಲ್ಲರಿಗೂ ತೋರಿಸೋಣ. ಒಬ್ಬರನ್ನೊಬ್ಬರು ನೋಡಲಿ. ಎಷ್ಟು ಉದ್ದವಾಗಿದೆ ಎಂದು ಅವರಿಗೇ ಗೊತ್ತಾಗುತ್ತದೆ. ಆಮೇಲೆ ಅವರೇ ಬಿಟ್ಟುಕೊಡುತ್ತಾರೆ."

"ಸಮಯ?"

"ಸಾಕಾಗುತ್ತದೆ."

ಸಾಕಾಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅರವತ್ತೊಂದು ಜನ, ಅವರ ಮನೆಯವರು, ಎಲ್ಲರೂ ಕೂರುವ ಸಭಾಂಗಣ ನ್ಗಾರಾದಲ್ಲಿ ಖಾಲಿ ಸಿಕ್ಕಿದ್ದು ನಾಲ್ಕು ವಾರದ ಮೇಲಿನ ಶನಿವಾರಕ್ಕೆ. ಶಬ್ದಮಿಶ್ರಣಕ್ಕೆ ಗೆಳೆಯರೊಬ್ಬರು ತಮ್ಮ ಸ್ಟುಡಿಯೋದಲ್ಲಿ ಬಿಡುವು ಮಾಡಿಕೊಟ್ಟಿದ್ದ ಆರು ದಿನ ಅದಕ್ಕೂ ಮೊದಲೇ ಕಳೆದುಹೋಗುತ್ತಿತ್ತು. ಹೋಗಲಿ ಎಂದೆ. ನ್ಜೇರಿ ನನ್ನ ಮುಖ ನೋಡಿ, "ಸವಾ" ಎಂದಳು. ಸರಿ ಎಂದರ್ಥ. ಗುರು ಎಂದು ಒಪ್ಪಿಕೊಂಡವಳ ಮಾತಿಗೆ ಎದುರಾಡುವ ಹುಡುಗಿಯಲ್ಲ ಅವಳು, ಎದುರಾಡಿದ್ದರೆ ಚೆನ್ನಾಗಿತ್ತು.

ಆ ನಾಲ್ಕು ವಾರದಲ್ಲಿ ನಾನು ಮಾಡಿದ್ದು ಒಂದೇ ಕೆಲಸ: ದೃಶ್ಯಗಳ ಕ್ರಮ ತಿದ್ದಿದೆ. ಬಸ್ಸಿನಂಥ ಕಥೆಯಲ್ಲವೇ, ಯಾರನ್ನು ಎಲ್ಲಿ ಬೇಕಾದರೂ ಕೂರಿಸಬಹುದಿತ್ತು. ನಮ್ಮ ಮನೆಯಲ್ಲಿ ಹತ್ತು ಜನ ಊಟಕ್ಕೆ ಬಂದರೆ ಅಜ್ಜಿ ಮೊದಲ ಎಲೆ ಹಾಕುತ್ತಿದ್ದದ್ದು ಹಿರಿಯರಿಗೆ. ವಯಸ್ಸಾದವರನ್ನು ಕಾಯಿಸಬಾರದು. ಕಿಲೆಲೆಶ್ವಾದಿಂದ ಬರುವ ವಾಸುದೇವ ಮಾವನನ್ನು ಎಂಬತ್ತನಾಲ್ಕರ ವಯಸ್ಸಿನಲ್ಲಿ ಮೂರು ಗಂಟೆ ಕಾಯಿಸುವುದುಂಟೆ? ಅವರ ದೃಶ್ಯವನ್ನು ಮೂರನೆಯದಾಗಿ ಇಟ್ಟೆ, ಹತ್ತೊಂಬತ್ತನೆಯ ನಿಮಿಷಕ್ಕೆ. ಅವರ ಹಿಂದೆ ಉಳಿದ ಹಿರಿಯರು, ದೂರದಿಂದ ಬರುವವರು, ಮಕ್ಕಳೊಂದಿಗರು. ಗೊಣಗುವ ಸ್ವಭಾವದವರನ್ನೂ ಸ್ವಲ್ಪ ಮುಂದಕ್ಕೆ ತಂದೆ, ನಿಜ ಹೇಳಬೇಕಲ್ಲ. ಒಟಿಯೆನೊ ಕೊನೆಯಲ್ಲೇ ಉಳಿದರು. ಕಥೆ ಹಾಗಿತ್ತು. ಅಲ್ಲದೆ, ಗೊಣಗುವ ಮನುಷ್ಯ ಅವರಲ್ಲ.

ಮಾರ್ಚಿ ತಿಂಗಳ ಆ ಶನಿವಾರ, ಮಧ್ಯಾಹ್ನ ಎರಡು ಗಂಟೆ. ಸಭಾಂಗಣದಲ್ಲಿ ಇನ್ನೂರ ಹತ್ತು ಕುರ್ಚಿ ಹಾಕಿದ್ದೆವು. ಸಾಲದೆ ಜನ ಗೋಡೆಗೆ ಒರಗಿ ನಿಂತರು. ಭಾನುವಾರದ ಚರ್ಚಿನ ಉಡುಪಿನಲ್ಲಿ ಬಂದಿದ್ದರು. ಮಾಮಾ ಅಟಿಯೆನೊ ತಲೆಗೆ ಹೊಸ ಹಳದಿ ವಸ್ತ್ರ ಸುತ್ತಿದ್ದರು. ಒಟಿಯೆನೊ ಬೂದು ಬಣ್ಣದ ಕೋಟು ತೊಟ್ಟು, ತಮ್ಮ ಓಣಿಯ ನಾಲ್ವರು ಫುಂಡಿಗಳ ಜೊತೆ ಎರಡನೆಯ ಸಾಲಿನಲ್ಲಿ ಕೂತಿದ್ದರು. ಕೋಟಿನ ತೋಳಿನಲ್ಲಿ ಇಸ್ತ್ರಿಯ ಗೆರೆ ಚಾಕುವಿನಂತಿತ್ತು.

ಚಿತ್ರ ಶುರುವಾಯಿತು. ಮೊದಲ ಹದಿನೆಂಟು ನಿಮಿಷ ನನ್ನ ಬದುಕು ಸಾರ್ಥಕ ಎನ್ನಿಸಿತ್ತು. ಜನ ಪರದೆಯ ಜೊತೆ ಮಾತಾಡುತ್ತಿದ್ದರು. ಹತ್ತೊಂಬತ್ತಕ್ಕೆ ಬಿಳಿ ಕಾರು ಬಂತು. ವಾಸುದೇವ ಮಾವ ಕಿಟಕಿಯ ಗಾಜು ಇಳಿಸಿ, ಕನ್ನಡಕ ತೆಗೆದು, ದರ್ಜಿಗೆ ಸ್ವಾಹಿಲಿಯಲ್ಲಿ ದಾರಿ ಹೇಳುತ್ತ ಹೇಳುತ್ತ ಒಂದು ರೇಖಾಗಣಿತದ ಪಾಠವನ್ನೇ ಮಾಡಿದರು. ಸಭಾಂಗಣ ಕುಣಿಯಿತು. ಚಪ್ಪಾಳೆ. ದೃಶ್ಯ ಮುಗಿದ ಎರಡು ನಿಮಿಷಕ್ಕೆ ಮಾವ ಕೋಲು ಊರಿ ಎದ್ದರು.

ನಾನು ಪ್ರೊಜೆಕ್ಟರಿನ ಪಕ್ಕದಿಂದ ಓಡಿ ಹೋದೆ. "ಮಾವ, ಎಲ್ಲಿಗೆ? ಇನ್ನೂ ಶುರು."

"ನಂದು ಬಂತಲ್ಲ ಕಣಮ್ಮ. ಬಹಳ ಚೆನ್ನಾಗಿ ಬಂದಿದೆ. ಕೂತ್ರೆ ಕಾಲು ಜೋಮು ಹಿಡಿಯುತ್ತೆ. ಡ್ರೈವರ್ ಬೇರೆ ಕಾಯ್ತಿದಾನೆ. ನೀನು ನೋಡು, ನೀನು ನೋಡು."

ಹಿರಿಯರು ಎದ್ದರೆ ಈ ಊರಿನಲ್ಲಿ ಸಾಲು ಸಾಲೇ ಎದ್ದು ದಾರಿ ಬಿಡುತ್ತದೆ. "ಮ್ಜೇ, ಮ್ಜೇ" ಎಂದು ಗೌರವದಿಂದ ಕೈ ಹಿಡಿದು ಬಾಗಿಲವರೆಗೆ ಬಿಟ್ಟು ಬಂದರು. ಹಿರಿಯರೇ ಎದ್ದ ಮೇಲೆ ಏಳುವುದಕ್ಕೆ ಇನ್ಯಾರ ಅಪ್ಪಣೆ ಬೇಕು? ನಲವತ್ತನೆಯ ನಿಮಿಷಕ್ಕೆ ನರ್ಸಿನ ಅಂಗಳ ಬಂತು. ಅವಳ ಮನೆಯ ಒಂಬತ್ತು ಜನ ಕೂಗಿ, ಫೋನಿನಲ್ಲಿ ಪರದೆಯ ಫೋಟೋ ತೆಗೆದುಕೊಂಡು, ಬಾಗಿ ಬಾಗಿ ಕ್ಷಮೆ ಕೇಳುತ್ತ ಹೊರಟರು. ಮಟಾಟುವಿನವನ ಕಡೆಯವರು ಹದಿನಾಲ್ಕು. ಆಮೇಲೆ ಅದು ಕ್ರಮವೇ ಆಯಿತು. ಮುಖ ಬರುವುದು, ಚಪ್ಪಾಳೆ, ಫೋಟೋ, ಕುರ್ಚಿ ಸರಿಯುವ ಸದ್ದು. ಸಿಟ್ಟಿನಿಂದ ಹೋದವರು ಒಬ್ಬರೂ ಇಲ್ಲ. ಎಲ್ಲರೂ ನನ್ನ ಕೈ ಹಿಡಿದು ಕುಲುಕಿ, "ಅಸಾಂಟೆ ಮಾಮಾ, ಅಸಾಂಟೆ ಸಾನಾ" ಎಂದು ಮನಸಾರೆ ವಂದಿಸಿಯೇ ಹೋದರು. ಮಾಮಾ ಅಟಿಯೆನೊ ಎರಡೂ ಕೈಯಿಂದ ನನ್ನ ಕೆನ್ನೆ ಹಿಡಿದು, "ದೇವರು ನಿನ್ನ ಕಣ್ಣು ಕಾಯಲಿ" ಎಂದು ಹರಸಿ, ಹಿಟ್ಟು ಕಲಸಬೇಕು ಎಂದು ಹೋದರು.

ಮೂರನೆಯ ಗಂಟೆಯಲ್ಲಿ ಬಸ್ ಸ್ಟಾಪ್ ಬಂತು. ಕೀರ್ತಿಯ ಗೆಳತಿಯರು ಕಿರುಚಿದರು. ಐದು ನಿಮಿಷಕ್ಕೆ ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡು ನನ್ನ ಪಕ್ಕ ಬಂದು ಬಾಗಿದಳು.

"ಮಾ, ವೀ ಆರ್ ಗೋಯಿಂಗ್. ಓಕೆ?"

"ಕೀರ್ತಿ, ಇನ್ನೊಂದು ಗಂಟೆ ಇದೆ ಕಣೇ. ಕೂತ್ಕೋ."

"ಬಟ್ ಮಾ, ಎವೆರಿಬಡಿ ಈಸ್ ಗೋಯಿಂಗ್."

ಹೋದಳು.

ಒಟಿಯೆನೊ ಅವರ ನಾಲ್ವರು ಗೆಳೆಯರೂ ಅಷ್ಟರಲ್ಲಿ ಒಬ್ಬೊಬ್ಬರಾಗಿ ಜಾರಿದ್ದರು. ಓಣಿಯಲ್ಲಿ ಶನಿವಾರದ ಗಿರಾಕಿಗಳಿರುತ್ತಾರೆ, ಅವರನ್ನು ದೂರುವಂತಿಲ್ಲ. ಒಟಿಯೆನೊ ಮಾತ್ರ ಎರಡನೆಯ ಸಾಲಿನಲ್ಲಿ ಅದೇ ಕುರ್ಚಿಯಲ್ಲಿ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಪ್ರತಿಯೊಂದು ದೃಶ್ಯಕ್ಕೂ ನಗುತ್ತಿದ್ದರು. ಪ್ರತಿಯೊಬ್ಬರಿಗೂ ಚಪ್ಪಾಳೆ ತಟ್ಟುತ್ತಿದ್ದರು. ಹೊತ್ತು ಹೋದಂತೆ ಆ ಚಪ್ಪಾಳೆ ಒಂದೇ ಕೇಳತೊಡಗಿತು.

ಆರು ಗಂಟೆಗೆ ಐವತ್ತೆಂಟನೆಯ ದೃಶ್ಯ ಬಂದಾಗ ಸಭಾಂಗಣದಲ್ಲಿ ಇದ್ದವರು ಐದು ಜನ: ನಾನು, ನ್ಜೇರಿ, ಫೇಯ್ತ್, ಒಟಿಯೆನೊ, ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತ ಕಾವಲುಗಾರ. ಪರದೆಯ ಮೇಲೆ ಒಟಿಯೆನೊ ಯಂತ್ರ ಬಿಚ್ಚಿದರು, ಸ್ಕ್ರೂ ತಿರುಗಿಸಿದರು, "ನೀನು ಹೊತ್ತು ತಿರುಗಿದ್ದಕ್ಕೆ ಈಗ ಎಲ್ಲವೂ ಸಡಿಲ" ಎಂದರು. ಕುರ್ಚಿಯಲ್ಲಿದ್ದ ಒಟಿಯೆನೊ ನಕ್ಕರು. ನಗುತ್ತ, ನಗುವವರನ್ನು ನೋಡಲು ಹಿಂದಕ್ಕೆ ತಿರುಗಿದರು. ಇನ್ನೂರು ಕುರ್ಚಿಗಳು. ಆ ನಗುವನ್ನು ಅವರು ಕೂಡಲೇ ಇಳಿಸಲಿಲ್ಲ. ಎಲ್ಲಿ ಇಡಬೇಕೆಂದು ತಿಳಿಯದ ಸಾಮಾನಿನಂತೆ ಸ್ವಲ್ಪ ಹೊತ್ತು ಮುಖದ ಮೇಲೆಯೇ ಹಿಡಿದುಕೊಂಡಿದ್ದರು.

ದೀಪ ಹಾಕಿದಾಗ ಎದ್ದು ಬಂದು ನನ್ನ ಕೈ ಕುಲುಕಿದರು. "ನಾನು ಎಲ್ಲರನ್ನೂ ನೋಡಿದೆ, ಮಾಮಾ" ಎಂದರು. ದೂರುವ ದನಿಯಲ್ಲ. ತಪ್ಪದೆ ಕೆಲಸ ಮುಗಿಸಿದವರು ಒಪ್ಪಿಸುವ ದನಿ. ಕುರ್ಚಿಗಳನ್ನು ಮಡಿಸಿಡಲು ಸಹಾಯ ಮಾಡಿ ಹೋದರು.

ಗಡುವಿಗೆ ಉಳಿದದ್ದು ಹದಿನಾಲ್ಕು ದಿನ. ಬುಧವಾರ ಸಂಜೆ ಒಪ್ಪಿಗೆಯ ಸಭೆ ಕರೆದೆವು. ಯಾರೂ ಬರಲಿಲ್ಲ. ಅವರ ಪಾಲಿಗೆ ಚಿತ್ರ ಮುಗಿದಿತ್ತು. ತಮ್ಮ ಮುಖ ನೋಡಿಯಾಗಿತ್ತು. ಫೋನು ಹಿಡಿದು ಕೂತೆ. ಆರು ದಿನದಲ್ಲಿ ನಲವತ್ತನಾಲ್ಕು ಜನರೊಂದಿಗೆ ಮಾತಾಡಿದೆ. ಎಲ್ಲರದೂ ಒಂದೇ ಮಾತು: ಕತ್ತರಿಸಿ, ಧಾರಾಳವಾಗಿ ಕತ್ತರಿಸಿ, ನನ್ನದು ಹೇಗೂ ಚಿಕ್ಕದು. ಯಾರದನ್ನು ಕತ್ತರಿಸಲಿ ಎಂದರೆ ಯಾರಿಗೂ ಹೇಳಲು ಬರಲಿಲ್ಲ, ಏಕೆಂದರೆ ತಮ್ಮದಾದ ಮೇಲೆ ಬಂದದ್ದನ್ನು ಅವರು ನೋಡಿರಲಿಲ್ಲ. ಮಾಮಾ ಅಟಿಯೆನೊ, "ಆ ಕಾರಿನ ಮುದುಕಪ್ಪನದು ಬಹಳ ಉದ್ದ" ಎಂದರು. ನೋಡಿದವುಗಳಲ್ಲಿ ಅವರಿಗೆ ನೆನಪಿದ್ದದ್ದು ಅದೊಂದೇ. ವಾಸುದೇವ ಮಾವನದೂ ಅದೇ ಧಾಟಿ.

"ಕತ್ತರ್ಸು ವಿಜೀ. ಕತ್ತರಿ ಇರೋದೇ ಅದಕ್ಕೆ. ನಿಮ್ಮಜ್ಜಿ ಏನ್ ಹೇಳ್ತಿದ್ರು, ಮುತ್ತು ಕಟ್ಟು ಅಂತ."

"ಮಾವ, ನಿಮ್ಮದನ್ನೂ ಒಂದು ನಿಮಿಷಕ್ಕೆ ಇಳಿಸ್ಲಾ?"

"ಇಳ್ಸು, ಇಳ್ಸು. ಆದ್ರೆ ನಾನು ಕನ್ನಡಕ ತೆಗೀತೀನಲ್ಲ, ಅದಿರ್ಲಿ. ಆಮೇಲೆ ತ್ರಿಕೋನದ ಮಾತು. ಅದು ಹೋದ್ರೆ ಅರ್ಥ ಆಗಲ್ಲ."

ಉಳಿದ ನಾಲ್ಕು ದಿನದಲ್ಲಿ, ಯಾರ ಒಪ್ಪಿಗೆಯೂ ಇಲ್ಲದೆ, ಮೊದಲ ದಿನವೇ ಮಾಡಬಹುದಾಗಿದ್ದದ್ದನ್ನು ಮಾಡಿದೆ. ತೊಂಬತ್ತಾರು ನಿಮಿಷ. ಇಪ್ಪತ್ತೆರಡು ಜನ ಉಳಿದರು, ಮೂವತ್ತೊಂಬತ್ತು ಜನ ಹೋದರು. ಕೀರ್ತಿಯನ್ನು ತೆಗೆದೆ. ಮಾವನನ್ನು ಕನ್ನಡಕದ ಸಮೇತ ತೆಗೆದೆ. ಒಟಿಯೆನೊ ಅವರ ಮೂರು ನಿಮಿಷ ನಲವತ್ತು ಸೆಕೆಂಡನ್ನು ಮುಟ್ಟಲಿಲ್ಲ. ಎಡಿಟರಾಗಿ ಹೇಳುತ್ತೇನೆ, ಅದು ಒಳ್ಳೆಯ ಚಿತ್ರವಾಗಿತ್ತು. ಆದರೆ ಶಬ್ದಮಿಶ್ರಣಕ್ಕೆ ಸ್ಟುಡಿಯೋ ಸಿಗಲಿಲ್ಲ. ಆರು ದಿನಗಳು ಎಂದೋ ಹೋಗಿದ್ದವು. ಹಸಿ ಶಬ್ದದೊಂದಿಗೇ, ಗಡುವಿನ ದಿನ, ಕಳಿಸಿದೆವು. ಮೂರು ವಾರಕ್ಕೆ ಉತ್ತರ ಬಂತು, ನಾಲ್ಕು ಸಾಲು. ಚಿತ್ರದ ಬಗ್ಗೆ ಎರಡು ಒಳ್ಳೆಯ ಮಾತು. ಶಬ್ದ ಪೂರ್ಣಗೊಂಡಿಲ್ಲವೆಂದು ಒಂದು. ಶುಭ ಹಾರೈಕೆ ಒಂದು.

ಯಾರನ್ನು ತೆಗೆದಿದ್ದೇನೆ ಎಂಬುದು ಅಷ್ಟರಲ್ಲಿ ಬಾಯಿಂದ ಬಾಯಿಗೆ ಹೋಗಿತ್ತು. ಏಪ್ರಿಲ್‌ನ ಮೊದಲ ಶನಿವಾರ ಕೋಣೆಗೆ ಒಂಬತ್ತು ಜನ ಬಂದರು. ಮೇ ತಿಂಗಳಲ್ಲಿ ನಾಲ್ಕು. ಶಾಲೆಯವರು ಗ್ರಂಥಾಲಯದ ವಿಷಯ ಮತ್ತೆ ಎತ್ತಲಿಲ್ಲ, ನಾವೂ ಕೇಳಲಿಲ್ಲ. ಜೂನ್‌ನಲ್ಲಿ ಕೋಣೆ ಖಾಲಿ ಮಾಡಿಕೊಟ್ಟೆವು. ಈಗ ಆ ಬಿಳಿ ಗೋಡೆಗೆ ಸೂರಿನವರೆಗೆ ಬಟ್ಟೆಯ ಥಾನುಗಳನ್ನು ಪೇರಿಸಿದ್ದಾರೆ. ನ್ಜೇರಿ ಮದುವೆಗಳ ವಿಡಿಯೋ ತೆಗೆಯುತ್ತಾಳೆ. ನನ್ನನ್ನು ಒಂದು ದಿನವೂ ದೂರಲಿಲ್ಲ. ಕೆಲವು ಸಲ ಫೋನು ಮಾಡುತ್ತಾಳೆ. ಮಾತು ಚಿತ್ರದ ಹತ್ತಿರ ಬರುತ್ತಿದ್ದಂತೆ ಇಬ್ಬರೂ ಮಳೆಯ ವಿಷಯ ಎತ್ತುತ್ತೇವೆ.

ಈ ಕೆಲಸ ನಿಮಗೆ ಏನು ಕಲಿಸಿತು ಎಂದು ಸಿನಿಮಾ ಕಲಿಯುವ ಮಕ್ಕಳು ಕೇಳುತ್ತಾರೆ. ಹೊತ್ತಿಗೆ ಸರಿಯಾಗಿ ಕತ್ತರಿಸಿ ಎನ್ನುತ್ತೇನೆ. ಅದು ಸುಳ್ಳಲ್ಲ, ಪೂರ್ತಿಯೂ ಅಲ್ಲ. ಅಜ್ಜಿಯ ಪಂಕ್ತಿಗೆ ಎರಡು ನಿಯಮಗಳಿದ್ದವು. ಮೊದಲ ಎಲೆ ಹಿರಿಯರಿಗೆ, ಇದೊಂದು. ಕೊನೆಯ ಎಲೆಯವರು ಉಂಡು ಮುಗಿಸುವವರೆಗೆ ಯಾರೂ ಏಳಬಾರದು, ಇದು ಇನ್ನೊಂದು. ಮಜ್ಜಿಗೆ ಮುಗಿಸಿದ ಹಿರಿಯರು ಕೈ ಒಣಗಿಸಿಕೊಂಡು, ಕೊನೆಯ ಎಲೆಯ ಕೂಸು ತಿನ್ನುವುದನ್ನೇ ನೋಡುತ್ತ ಕೂತಿರುತ್ತಿದ್ದರು. ನಾನು ಮೊದಲನೆಯದನ್ನು ಚಾಚೂ ತಪ್ಪದೆ ಪಾಲಿಸಿದೆ. ಎರಡನೆಯದನ್ನು ಯಾರಿಗೂ ಹೇಳಲಿಲ್ಲ. ಎಲ್ಲರಿಗೂ ಗೊತ್ತೇ ಇರುತ್ತದೆ ಅಂದುಕೊಂಡೆ. ಅರವತ್ತೊಂದು ಜನಕ್ಕೆ ಪರದೆಯ ಮೇಲೆ ಬರುವುದನ್ನು ಕಲಿಸಿದ ನಮ್ಮ ಬಳಗ, ಇನ್ನೊಬ್ಬರಿಗಾಗಿ ಕೂರುವುದನ್ನು ಕಲಿಸಲಿಲ್ಲ. ಕಲಿಸಿದ್ದರೆ ಕೂರುತ್ತಿದ್ದರೇ? ನನಗೆ ಗೊತ್ತಿಲ್ಲ. ನನ್ನ ಮಗಳೇ ಕೂರಲಿಲ್ಲ.

ಚಿತ್ರ ತಿರಸ್ಕೃತವಾದ ಮೇಲೆ ಒಟಿಯೆನೊ ಅವರ ದೃಶ್ಯವೊಂದನ್ನೇ ಬೇರೆ ಮಾಡಿ, ನ್ಗಾರಾದ ಓಣಿಗೆ ಹೋಗಿ ಅವರ ಫೋನಿಗೆ ಹಾಕಿ ಕೊಟ್ಟೆ. ಎರಡೂ ಕೈಯಲ್ಲಿ ಫೋನು ಹಿಡಿದು ವಂದಿಸಿದರು. ಆರು ತಿಂಗಳ ಮೇಲೆ ನನ್ನ ಹೊಲಿಗೆ ಯಂತ್ರ ತೆಗೆದುಕೊಂಡು ಮತ್ತೆ ಹೋಗಿದ್ದೆ. ಅವರು ಬೆಲ್ಟು ಬದಲಿಸುತ್ತಿದ್ದರು. ಚಿತ್ರದ ಆ ಭಾರದ ಕರಿಯ ಯಂತ್ರ ಅವರ ಹಿಂದೆ, ಮೊದಲಿದ್ದ ಜಾಗದಲ್ಲೇ ಇತ್ತು.

"ನಿಮ್ಮ ದೃಶ್ಯ ನೋಡುತ್ತಿರುತ್ತೀರಾ?" ಎಂದು ಕೇಳಿದೆ.

ತಲೆ ಎತ್ತದೆ ಸ್ಕ್ರೂ ಬಿಗಿ ಮಾಡಿದರು. ಚಕ್ರವನ್ನು ಒಂದು ಸುತ್ತು ಕೈಯಿಂದ ತಿರುಗಿಸಿ, ಸದ್ದು ಆಲಿಸಿ, ಯಂತ್ರವನ್ನು ನನ್ನ ಕಡೆಗೆ ಸರಿಸಿದರು.

"ಇಲ್ಲ ಮಾಮಾ" ಎಂದರು. "ಒಬ್ಬನೇ ಕೂತು ಏನು ನೋಡಲಿ?"